ಅಪ್ಪ ಬರೆಯಹೊರಟ ಕಾಗದಕ್ಕೆ ಧರ್ಮದ ಅಡ್ಡಿ ಇದೆಯೇ?

ಪ್ರಶ್ನೆ: ನನ್ನ ತಂದೆಗೆ 79 ವರ್ಷ. ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಬುದ್ಧಿ ಇನ್ನೂ ಚುರುಕಾಗಿದೆ. ಕೆಲವು ವರ್ಷಗಳ ಹಿಂದೆ ನಮ್ಮಮ್ಮ ಐಸಿಯುನಲ್ಲಿ 19 ದಿನ ವೆಂಟಿಲೇಟರ್ ಮೇಲಿದ್ದು ತೀರಿಕೊಂಡರು. ನಾವು ಗಾಜಿನಾಚೆ ನಿಂತು ನೋಡಿದ್ದಷ್ಟೇ. ಆಗಿನಿಂದಲೂ ಅಪ್ಪ 'ನನಗೆ ಹೀಗೆ ಮಾಡಬೇಡಿ' ಅನ್ನುತ್ತಿದ್ದರು. 2025ರ ಜನವರಿಯಲ್ಲಿ ಘನತೆಯ ಸಾವಿನ ಬಗ್ಗೆ ಕರ್ನಾಟಕ ಸರ್ಕಾರದ ಆದೇಶ ಬಂದದ್ದನ್ನು ಓದಿದ ಮೇಲೆ 'ಜೀವಂತ ಉಯಿಲು (ಮಾತಾಡಲಾಗದ ಸ್ಥಿತಿ ಬಂದಾಗ ಯಾವ ಚಿಕಿತ್ಸೆ ಬೇಡ ಎಂದು ಮುಂಚೆಯೇ ಬರೆದಿಡುವ ಕಾಗದ) ಬರೆಯುತ್ತೇನೆ, ನನ್ನ ಪರವಾಗಿ ತೀರ್ಮಾನಿಸುವವಳು ನೀನಾಗಬೇಕು' ಎಂದು ಪಟ್ಟು ಹಿಡಿದಿದ್ದಾರೆ. ಮೆಲ್ಬರ್ನ್‌ನಲ್ಲಿರುವ ಅಣ್ಣ 'ಇದು ಆತ್ಮಹತ್ಯೆಗೆ ಸಮ, ಶಾಸ್ತ್ರ ಒಪ್ಪಲ್ಲ, ಸಹಿ ಹಾಕಿದರೆ ಪಾಪ ನಿನಗೂ ಸುತ್ತಿಕೊಳ್ಳುತ್ತೆ' ಎನ್ನುತ್ತಾನೆ. ಪಕ್ಕದ ಮನೆಯ ಸಾಹೇಬರು ಅಪ್ಪನ ಹಳೆಯ ಗೆಳೆಯರು, 'ಪ್ರಾಣ ಅಲ್ಲಾಹನ ಅಮಾನತ್ತು, ನಮ್ಮದಲ್ಲ' ಅಂದರು. ಅಪ್ಪನ ಜೊತೆ ಪಾಠ ಮಾಡುತ್ತಿದ್ದ ಜೈನ ಮೇಷ್ಟ್ರು ಮಾತ್ರ 'ನಮ್ಮಲ್ಲಿ ಇದು ಪುಣ್ಯದ ಕೆಲಸ' ಅಂದು ನಕ್ಕರು. ಯಾರ ಮಾತು ಸರಿ?

ಉತ್ತರ: ನಾನು ವೈದ್ಯನಲ್ಲ, ವಕೀಲನೂ ಅಲ್ಲ. ಧರ್ಮಗಳ ತೌಲನಿಕ ಅಧ್ಯಯನ ಪಾಠ ಮಾಡಿಕೊಂಡಿದ್ದವನು, ಆಸ್ಪತ್ರೆಯೊಂದರ ನೈತಿಕ ಸಮಿತಿಯಲ್ಲಿ ಕೆಲಕಾಲ ಕೂತವನು. ಆ ಎರಡು ಕುರ್ಚಿಗಳಿಂದ ಕಂಡದ್ದನ್ನು ಹೇಳುತ್ತೇನೆ.

ನಿಮ್ಮ ನಿದ್ದೆ ಕೆಡಿಸಿರುವುದು ಅಣ್ಣನ ಮಾತು. ಅದರಿಂದಲೇ ಶುರು ಮಾಡೋಣ. ಶಾಸ್ತ್ರ ಆತ್ಮಹತ್ಯೆಯನ್ನು ಒಪ್ಪುವುದಿಲ್ಲ ಎಂಬುದು ನಿಜ. ಈಶಾವಾಸ್ಯ ಉಪನಿಷತ್ತಿನ ಮೂರನೆಯ ಮಂತ್ರದಲ್ಲಿ ಬರುವ 'ಆತ್ಮಹನೋ ಜನಾಃ' ಎಂಬುದನ್ನು ಎಲ್ಲರೂ ಎತ್ತಿ ಹೇಳುತ್ತಾರೆ: ಅಂಥವರು ಕತ್ತಲು ಕವಿದ ಲೋಕಗಳಿಗೆ ಹೋಗುತ್ತಾರಂತೆ. (ಶಂಕರರ ಭಾಷ್ಯ ತೆರೆದರೆ ಅಲ್ಲಿ ಆತ್ಮವನ್ನು ಕೊಂದವನು ಎಂದರೆ ಆತ್ಮವನ್ನು ಅರಿಯದವನು. ಆ ಲೆಕ್ಕದಲ್ಲಿ ನಾವೆಲ್ಲರೂ ಸಿಕ್ಕಿಬೀಳುತ್ತೇವೆ. ಇರಲಿ.) ಮನುಸ್ಮೃತಿಯ ಐದನೆಯ ಅಧ್ಯಾಯವೂ ತಾವಾಗಿ ಪ್ರಾಣ ಕಳೆದುಕೊಂಡವರಿಗೆ ತರ್ಪಣದ ನೀರಿಲ್ಲ ಎನ್ನುತ್ತದೆ. ಆದರೆ ಆರನೆಯ ಅಧ್ಯಾಯಕ್ಕೆ ಬಂದರೆ ಅದೇ ಮನು ಕಾಡು ಸೇರಿದ ಮುದುಕನಿಗೆ, ಈಶಾನ್ಯಕ್ಕೆ ಮುಖ ಮಾಡಿ ನೀರು ಗಾಳಿ ಸೇವಿಸುತ್ತ ದೇಹ ಬೀಳುವ ತನಕ ನಡೆಯುತ್ತಿರು ಎನ್ನುತ್ತಾನೆ. ಪಾಂಡವರ ಮಹಾಪ್ರಸ್ಥಾನವೂ ಇಂಥದ್ದೇ ನಡಿಗೆ. ಮನುವನ್ನು ಎಲ್ಲದಕ್ಕೂ ಸಾಕ್ಷಿಗೆ ಕರೆಯುವವನಲ್ಲ ನಾನು. ಅಣ್ಣ 'ಶಾಸ್ತ್ರ' ಅಂದದ್ದಕ್ಕೆ ಶಾಸ್ತ್ರವನ್ನೇ ಮುಂದಿಡುತ್ತಿದ್ದೇನೆ.

ಒಂದು ಅಧ್ಯಾಯದಲ್ಲಿ ನೀರಿಲ್ಲ ಎಂದವನು ಮುಂದಿನದರಲ್ಲಿ ನಡೆ ಎಂದದ್ದು ಹೇಗೆ? ಅದೇ ಆರನೆಯ ಅಧ್ಯಾಯದ ಇನ್ನೊಂದು ಶ್ಲೋಕದಲ್ಲಿ ಉತ್ತರವಿದೆ: 'ನಾಭಿನಂದೇತ ಮರಣಂ ನಾಭಿನಂದೇತ ಜೀವಿತಮ್.' ಸಾವನ್ನೂ ಬಯಸಬೇಡ, ಬದುಕನ್ನೂ ಬಯಸಬೇಡ, ಕೂಲಿಯವನು ಸಂಬಳಕ್ಕೆ ಕಾಯುವ ಹಾಗೆ ಹೊತ್ತಿಗಾಗಿ ಕಾಯಿ. ಈ ಮಾತನ್ನು ನೆನಪಿನಲ್ಲಿಡಿ. ಹೆಸರು ಬದಲಿಸಿಕೊಂಡು ಇದು ಮತ್ತೆ ಮತ್ತೆ ಬರಲಿದೆ.

ಈಗ ಭೀಷ್ಮನನ್ನು ನೆನೆಯಿರಿ. ಇಚ್ಛಾಮರಣಿ, ಉತ್ತರಾಯಣಕ್ಕೆ ಕಾದ, ಇಷ್ಟು ನಮಗೆಲ್ಲ ಗೊತ್ತು. ನಡುವಿನ ಒಂದು ಸಣ್ಣ ಪ್ರಸಂಗವನ್ನು ಹರಿಕಥೆಯವರೂ ಬೇಗ ದಾಟಿಬಿಡುತ್ತಾರೆ. ಶರಶಯ್ಯೆಯಲ್ಲಿ ಮಲಗಿದ ಅಜ್ಜನ ಬಳಿಗೆ ದುರ್ಯೋಧನ ಬಾಣ ಕೀಳುವುದರಲ್ಲಿ ಪಳಗಿದ ಶಸ್ತ್ರವೈದ್ಯರನ್ನು ಸಲಕರಣೆ ಸಮೇತ ಕರೆಸುತ್ತಾನೆ. ಅಂದಿನ ಕಾಲದ ಐಸಿಯು ತಂಡ ಅನ್ನಿ. ಭೀಷ್ಮ ಅವರನ್ನು ಬೈಯುವುದಿಲ್ಲ. ಇವರಿಗೆ ಸಲ್ಲಬೇಕಾದ ಹಣ ಕೊಟ್ಟು, ಮರ್ಯಾದೆ ಮಾಡಿ ಕಳಿಸು, ಈ ಸ್ಥಿತಿಯಲ್ಲಿ ನನಗೆ ವೈದ್ಯರಿಂದ ಏನಾಗಬೇಕಿದೆ ಎನ್ನುತ್ತಾನೆ. ಆಮೇಲೆ ಬಾಯಾರಿ ನೀರು ಕೇಳುತ್ತಾನೆ. ರಾಜರು ತಂದ ಭಕ್ಷ್ಯ, ತಣ್ಣೀರಿನ ಕೊಡಗಳನ್ನು ಒಲ್ಲೆನೆಂದು ಅರ್ಜುನನ ಕಡೆ ನೋಡುತ್ತಾನೆ. ಅರ್ಜುನ ನೆಲಕ್ಕೆ ಬಾಣ ಹೂಡಿ ನೀರು ಚಿಮ್ಮಿಸಿದ್ದು ಆಗಲೇ.

ಚಿಕಿತ್ಸೆ ಬೇಡ, ತಲೆಗೊಂದು ಆಸರೆ ಬೇಕು, ಗುಟುಕು ನೀರು ಬೇಕು, ಪ್ರೀತಿಯವರು ಹತ್ತಿರ ಇರಬೇಕು. ನಿಮ್ಮಪ್ಪ ಬರೆಯಹೊರಟ ಕಾಗದದಲ್ಲೂ ಬಹುಶಃ ಇಷ್ಟೇ ಇರುತ್ತದೆ. ವೈದ್ಯರನ್ನು ವಾಪಸು ಕಳಿಸಿದ ಭೀಷ್ಮನನ್ನು ಆತ್ಮಹತ್ಯೆ ಮಾಡಿಕೊಂಡವನೆಂದು ಯಾರೂ ಕರೆದಿಲ್ಲ. ಪ್ರತಿ ವರ್ಷ ಭೀಷ್ಮಾಷ್ಟಮಿಯ ದಿನ ಅವನಿಗೆ ತರ್ಪಣ ಬಿಡುತ್ತಾರೆ. ಮನು ಆತ್ಮಘಾತಿಗಿಲ್ಲ ಅಂದ ಅದೇ ನೀರು!

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಎಷ್ಟೋ ಆಸ್ಪತ್ರೆಗಳ ಗೋಡೆ ಮೇಲೆ 'ವೈದ್ಯೋ ನಾರಾಯಣೋ ಹರಿಃ' ಎಂದು ಬರೆಸಿರುತ್ತಾರೆ, ಡಾಕ್ಟರೇ ದೇವರು ಎಂಬ ಅರ್ಥದಲ್ಲಿ. ಪೂರ್ತಿ ಶ್ಲೋಕ ಬೇರೆಯೇ ಹೇಳುತ್ತದೆ: 'ಶರೀರೇ ಜರ್ಜರೀಭೂತೇ ವ್ಯಾಧಿಗ್ರಸ್ತೇ ಕಲೇವರೇ, ಔಷಧಂ ಜಾಹ್ನವೀತೋಯಂ ವೈದ್ಯೋ ನಾರಾಯಣೋ ಹರಿಃ.' ಮೈ ಜರ್ಜರಿತವಾಗಿ, ಕಾಯಿಲೆ ನುಂಗಿದ ಮೇಲೆ ಗಂಗೆಯ ನೀರೇ ಔಷಧ, ಹರಿಯೇ ವೈದ್ಯ. ಅಂದರೆ ಇನ್ನು ಡಾಕ್ಟರ ಸರದಿ ಮುಗಿಯಿತು ಎಂದು. ಚರಕಸಂಹಿತೆಯೂ ಅಸಾಧ್ಯವಾದ ರೋಗಕ್ಕೆ ಕೈಹಾಕುವ ವೈದ್ಯ ಹಣ, ವಿದ್ಯೆ, ಕೀರ್ತಿ ಮೂರನ್ನೂ ಕಳೆದುಕೊಳ್ಳುತ್ತಾನೆ ಎಂದು ಎಚ್ಚರಿಸುತ್ತದೆ. ಹಣದ ಮಾತೊಂದು ಮಾತ್ರ ನಮ್ಮ ಕಾಲಕ್ಕೆ ತಲೆಕೆಳಗಾಗಿದೆ.

ಜೈನ ಮೇಷ್ಟ್ರು ನಕ್ಕು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ಹೇಳಲು ಸ್ವಲ್ಪ ಜಾಗ ಬೇಕು, ಯಾಕೆಂದರೆ ಸಾವಿನ ಮುಂದೆ ಹೇಗೆ ನಿಲ್ಲಬೇಕು ಎಂದು ಜೈನರಷ್ಟು ಬಿಗಿಯಾಗಿ, ನಿಯಮ ಕಟ್ಟಿ ಯೋಚಿಸಿದವರು ಕಡಿಮೆ, ಮತ್ತು ಆ ಯೋಚನೆಯ ದೊಡ್ಡ ದಾಖಲೆ ನಮ್ಮ ನೆಲದಲ್ಲೇ ಇದೆ. ಶ್ರವಣಬೆಳಗೊಳಕ್ಕೆ ಹೋದವರು ಗೊಮ್ಮಟನನ್ನು ನೋಡಿ ಇಳಿದುಬಿಡುತ್ತಾರೆ. ಎದುರಿನ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಶತಮಾನಗಳ ಉದ್ದಕ್ಕೆ ಬರೆಸಿದ ನಿಸಿಧಿ ಶಾಸನಗಳಿವೆ, ಅಂದರೆ ಸತ್ತವರ ನೆನಪಿನ ಬರಹಗಳು: ಇಂಥವರು ಇಷ್ಟು ದಿನ ನೋಂತು ಮುಡಿಪಿದರು (ವ್ರತ ಹಿಡಿದು ದೇಹ ಬಿಟ್ಟರು) ಎಂದು. ಮುನಿಗಳಿದ್ದಾರೆ, ಕಂತಿಯರು (ಜೈನ ಸನ್ಯಾಸಿನಿಯರು) ಇದ್ದಾರೆ, ಗೃಹಸ್ಥರಿದ್ದಾರೆ, ರಾಜರೂ ಇದ್ದಾರೆ. ರಾಷ್ಟ್ರಕೂಟರ ಕೊನೆಯ ಕೊಂಡಿ ನಾಲ್ವಡಿ ಇಂದ್ರ 982ರಲ್ಲಿ ಇಲ್ಲಿಯೇ ಸಲ್ಲೇಖನದಿಂದ, ಅಂದರೆ ಅನ್ನ ನೀರನ್ನು ಹಂತಹಂತವಾಗಿ ಬಿಡುವ ವ್ರತದಿಂದ, ದೇಹ ಬಿಟ್ಟ. ಅದಕ್ಕೂ ಕೆಲವು ವರ್ಷ ಮೊದಲು ಗಂಗರ ಮಾರಸಿಂಹ ಬಂಕಾಪುರದಲ್ಲಿ ಗುರು ಅಜಿತಸೇನರ ಸನ್ನಿಧಿಯಲ್ಲಿ ಹಾಗೇ ಮಾಡಿದ. ಅವನ ನೆನಪಿನ ಕಂಬ ಚಿಕ್ಕಬೆಟ್ಟದ ಮೇಲೆ ಈಗಲೂ ನಿಂತಿದೆ.

ಆದರೆ ಇದಕ್ಕೆ ಯಾರು ಅರ್ಹರು? ಹಳೆಯ ಜೈನ ಗುರು ಸಮಂತಭದ್ರಾಚಾರ್ಯರು ಸಲ್ಲೇಖನಕ್ಕೆ ಕೊಟ್ಟ ಲಕ್ಷಣದಲ್ಲಿ ನಾಲ್ಕು ಸಂದರ್ಭಗಳಿವೆ: ಉಪಸರ್ಗ (ಹೊರಗಿನಿಂದ ಬಂದೆರಗುವ ಆಪತ್ತು), ಬರ, ಮುಪ್ಪು, ರೋಗ. ಬಾಗಿಲು ಕಾಯುವುದು ಮಾತ್ರ ಅವುಗಳ ಜೊತೆಗೆ ಬರುವ ಒಂದು ವಿಶೇಷಣ: 'ನಿಷ್ಪ್ರತೀಕಾರೇ'. ಪರಿಹಾರವೇ ಇಲ್ಲದಿದ್ದಾಗ. ಪರಿಹಾರ ಇದೆಯೆಂದಾದರೆ ಅನುಮತಿ ಇಲ್ಲ. ಇದನ್ನು ಬರೆದ ಸಮಂತಭದ್ರರ ಬಗ್ಗೆಯೇ ಒಂದು ಐತಿಹ್ಯವಿದೆ. ಅವರಿಗೆ ಭಸ್ಮಕ ರೋಗ ಹತ್ತಿತಂತೆ, ಎಷ್ಟು ಉಂಡರೂ ಹೊಟ್ಟೆಯೊಳಗೆ ಸುಟ್ಟುಹೋಗುವ ಹಸಿವು. ತಡೆಯಲಾರದೆ ಗುರುಗಳ ಬಳಿ ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು. ಗುರುಗಳು ಕೊಡಲಿಲ್ಲ. ದೀಕ್ಷೆ ಬದಿಗಿಟ್ಟಾದರೂ ಸರಿ, ಉಂಡು ವಾಸಿ ಮಾಡಿಕೊಂಡು ಬಾ ಎಂದರು. ಅವರು ವೇಷ ಮರೆಸಿ ಊರೂರು ತಿರುಗಿ, ಉಂಡು, ವಾಸಿಯಾಗಿ ಮರಳಿದರು. ನಿಯಮ ಬರೆದವರಿಗೇ ನಿಯಮ ದಕ್ಕಲಿಲ್ಲ!

ಇನ್ನೂ ಸೂಕ್ಷ್ಮವಾದದ್ದು ಜೈನರ ಮೂಲಗ್ರಂಥ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿದೆ. ಸಲ್ಲೇಖನ ಹಿಡಿದವನನ್ನು ಕೆಡಿಸುವ ಐದು ಅತಿಚಾರಗಳನ್ನು ಅಲ್ಲಿ ಹೇಳಿದೆ. ಇನ್ನೂ ಬದುಕಬೇಕೆಂಬ ಆಸೆ ಮೊದಲನೆಯದು. ಬೇಗ ಸಾಯಬೇಕೆಂಬ ಆಸೆ ಎರಡನೆಯದು. ಹೌದು, ಉಪವಾಸ ಕೂತವನು 'ಬೇಗ ಮುಗಿದರೆ ಸಾಕಪ್ಪ' ಎಂದುಕೊಂಡರೂ ವ್ರತಕ್ಕೆ ದೋಷ. ನೆಂಟರಿಷ್ಟರ ಮೇಲಿನ ಮೋಹ, ಹಿಂದೆ ಪಟ್ಟ ಸುಖದ ನೆನಪು, ಮುಂದಿನ ಜನ್ಮದ ಫಲದ ಬಯಕೆ ಉಳಿದ ಮೂರು. ಮನುವಿನ ಕೂಲಿಯವನು ಇಲ್ಲಿ ಮತ್ತೆ ಬಂದ, ನೋಡಿ. ಆ ಸೂತ್ರಕ್ಕೆ ವ್ಯಾಖ್ಯಾನ ಬರೆದ ಪೂಜ್ಯಪಾದರು ಇದಕ್ಕೊಂದು ವ್ಯಾಪಾರಿಯ ಹೋಲಿಕೆ ಕೊಡುತ್ತಾರೆ. ಮನೆಗೆ ಬೆಂಕಿ ಬಿದ್ದರೆ ವ್ಯಾಪಾರಿ ಮೊದಲು ಆರಿಸಲು ನೋಡುತ್ತಾನೆ. ಆರದೆಂದಾಗ ಒಳಗಿನ ಸರಕನ್ನಾದರೂ ಉಳಿಸಿಕೊಳ್ಳುತ್ತಾನೆ. ಮನೆ ಸುಡಲಿ ಎಂದು ಅವನು ಯಾವತ್ತೂ ಬಯಸಿದ್ದಿಲ್ಲ.

ಹಾಗಾಗಿ 'ನಮ್ಮಲ್ಲಿ ಪುಣ್ಯ' ಎಂಬುದನ್ನು ಅಷ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನ್ಯಾಯಾಲಯವೂ ಇದರಲ್ಲಿ ತಡವರಿಸಿದೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಲ್ಲೇಖನ ಅಥವಾ ಸಂಥಾರ ಆತ್ಮಹತ್ಯೆಯೇ, ಅಪರಾಧವೇ ಎಂದು ತೀರ್ಪು ಕೊಟ್ಟಿತು. ಜೈನರು ದೇಶದ ಉದ್ದಗಲಕ್ಕೂ ಬೀದಿಗಿಳಿದರು. ಅದೇ ತಿಂಗಳ 31ಕ್ಕೆ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅರ್ಜಿದಾರರ ವಾದವನ್ನು ಬರೀ ಧರ್ಮದ್ವೇಷ ಎಂದು ತಳ್ಳಿಹಾಕುವವನಲ್ಲ ನಾನು. ಮನೆಯಲ್ಲಿ ಬೇಡವಾದ ವಿಧವೆ ಮುದುಕಿಯನ್ನು ವ್ರತದ ಹೆಸರಲ್ಲಿ ಒತ್ತಾಯಿಸಿ ಕೂರಿಸಿದರೆ? ಚಿಕ್ಕಬೆಟ್ಟದ ಒಂದು ಶಾಸನ ಓದುವಾಗ ನನಗೂ ಮನಸ್ಸು ಅಳುಕುತ್ತದೆ. ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ನೋಂತು ದೇಹ ಬಿಟ್ಟಳು. ಶಾಸನ ಅವಳನ್ನು ಬಾಯ್ತುಂಬ ಹೊಗಳುತ್ತದೆ. ಮಗಳನ್ನು ಕಳೆದುಕೊಂಡ ತಾಯಿಯ ದುಃಖ 'ನಿಷ್ಪ್ರತೀಕಾರ'ವೇ? ಎದುರಿಗಿದ್ದ ಗುರು ಅವಳ ಕಣ್ಣಲ್ಲಿ ವೈರಾಗ್ಯವನ್ನೇ ಕಂಡನೋ ಶೋಕವನ್ನೋ? ಕಲ್ಲು ಅದನ್ನು ಹೇಳುವುದಿಲ್ಲ.

ಸಾಹೇಬರ ಮಾತಿಗೆ ಬರೋಣ. ಪ್ರಾಣ ಅಮಾನತ್ತು, ಒಪ್ಪಿಸಿಟ್ಟ ಒಡವೆ. ಇಸ್ಲಾಮಿನಲ್ಲಿ ಈ ಮಾತು ಗಟ್ಟಿಯಾದದ್ದು. 'ನಿಮ್ಮನ್ನು ನೀವು ಕೊಂದುಕೊಳ್ಳಬೇಡಿ' ಎಂದು ಕುರ್‌ಆನಿನ ನಾಲ್ಕನೆಯ ಅಧ್ಯಾಯದಲ್ಲಿದೆ. ಆದರೆ ಅಮಾನತ್ತು ಇಟ್ಟವನು ವಾಪಸು ಕೇಳಿದಾಗ ಕೊಡುವುದೂ ಅಮಾನತ್ತಿನ ಧರ್ಮವೇ ತಾನೆ? ಕಷ್ಟ ಬಂತೆಂದು ಯಾರೂ ಸಾವನ್ನು ಬಯಸಬೇಡಿ ಎಂದು ಪ್ರವಾದಿಯವರು ಹೇಳಿದ್ದಾಗಿ ಹದೀಸ್‌ನಲ್ಲಿದೆ. ಬೇಡಲೇಬೇಕೆಂದಿದ್ದರೆ ಹೀಗೆ ಬೇಡಿ ಎಂದು ಅವರೇ ಮಾತು ಕೊಡುತ್ತಾರೆ: ಬದುಕು ನನಗೆ ಒಳಿತಾಗಿರುವ ತನಕ ಬದುಕಿಸು, ಸಾವು ಒಳಿತಾದಾಗ ಕರೆದುಕೋ. ಮೂರನೆಯ ಸಲ ಅದೇ ಮಾತು ಎದುರಾಯಿತು.

ಚಿಕಿತ್ಸೆ ಪಡೆಯಿರಿ ಎಂಬ ಹದೀಸ್ ಕೂಡ ಇದೆ. ಆದರೂ ಎಲ್ಲ ಚಿಕಿತ್ಸೆ ಎಲ್ಲ ಹೊತ್ತಿನಲ್ಲೂ ಕಡ್ಡಾಯ ಎಂದು ಹಳೆಯ ಫಿಕ್ಹ್ (ಇಸ್ಲಾಮಿನ ಧರ್ಮಶಾಸ್ತ್ರ) ಪಂಡಿತರಲ್ಲಿ ಹೆಚ್ಚಿನವರು ಹೇಳಲಿಲ್ಲ. ಅದರ ಒಂದು ಶಾಖೆಯಾದ ಹನ್ಬಲಿ ಪಂಥದಲ್ಲಂತೂ ಅಲ್ಲಾಹನ ಮೇಲೆ ಭಾರ ಹಾಕಿ ಚಿಕಿತ್ಸೆ ಬಿಡುವುದೇ ಮೇಲೆಂದವರಿದ್ದಾರೆ. ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿ ಬರುವ ಒಬ್ಬ ಹೆಂಗಸಿನ ಪ್ರಸಂಗ ನನಗೆ ಬಲು ಇಷ್ಟ. ಅವಳಿಗೆ ಮೂರ್ಛೆರೋಗ. ಪ್ರವಾದಿಯವರ ಬಳಿ ಬಂದು ನನಗಾಗಿ ಪ್ರಾರ್ಥಿಸಿ ಎನ್ನುತ್ತಾಳೆ. ತಾಳಿಕೊಂಡರೆ ನಿನಗೆ ಸ್ವರ್ಗ, ಬೇಕಿದ್ದರೆ ವಾಸಿಯಾಗಲೆಂದು ಪ್ರಾರ್ಥಿಸುತ್ತೇನೆ, ಆರಿಸಿಕೋ ಎನ್ನುತ್ತಾರೆ ಅವರು. ಅವಳು ತಾಳಿಕೊಳ್ಳುವುದನ್ನೇ ಆರಿಸಿಕೊಂಡು ಒಂದು ಬೇಡಿಕೆ ಮಾತ್ರ ಇಡುತ್ತಾಳೆ: ಮೂರ್ಛೆ ಬಂದಾಗ ಮೈಮೇಲಿನ ಬಟ್ಟೆ ಸರಿಯುತ್ತದೆ, ಹಾಗಾಗದಂತೆ ಪ್ರಾರ್ಥಿಸಿ. ಗುಣವಾಗದಿದ್ದರೂ ಸರಿ, ಮಾನ ಹೋಗಬಾರದು. ಗಾಜಿನಾಚೆ ನಿಂತು ಅಮ್ಮನನ್ನು ನೋಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರದ ಬಗ್ಗೆ ನೇರವಾಗಿ ಕೇಳುವುದಾದರೆ, 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ಮಿದುಳು ಸಂಪೂರ್ಣವಾಗಿ, ಮರಳಿ ಬಾರದಂತೆ ನಿಂತಿದೆ ಎಂದು ತಜ್ಞ ವೈದ್ಯರು ಖಚಿತಪಡಿಸಿದ ಮೇಲೆ ಉಸಿರಾಟದ ಯಂತ್ರ ತೆಗೆಯಬಹುದು ಎಂದಿತು. ಸಾಹೇಬರಿಗೆ ಇದು ಗೊತ್ತಿರಲಿಕ್ಕೂ ಸಾಕು. ಗೆಳೆಯ ಸಾವಿನ ಮಾತೆತ್ತಿದರೆ ಯಾರಾದರೂ ಮೊದಲು ಬೇಡ ಎಂದೇ ಅನ್ನುತ್ತಾರೆ. ಅದು ಫತ್ವಾ ಅಲ್ಲ, ಸ್ನೇಹ.

ಕ್ರೈಸ್ತರ ನಿಲುವನ್ನು ನೀವು ಕೇಳಿಲ್ಲ, ಆದರೂ ಒಂದು ಕಾರಣಕ್ಕೆ ಅದು ನಿಮಗೆ ಬೇಕು. ವೆಂಟಿಲೇಟರ್ ಹೊಸದಾಗಿ ಬಂದ ಕಾಲದಲ್ಲಿ, 1957ರ ನವೆಂಬರ್‌ನಲ್ಲಿ, ಅರಿವಳಿಕೆ ತಜ್ಞರು ಇದೇ ಪ್ರಶ್ನೆಯನ್ನು ಹನ್ನೆರಡನೆಯ ಪಯಸ್ ಪೋಪರ ಮುಂದಿಟ್ಟರು. ಸಾಮಾನ್ಯ ಸಾಧನಗಳಿಂದ ಪ್ರಾಣ ಕಾಪಾಡುವುದು ಕರ್ತವ್ಯ, ಅಸಾಮಾನ್ಯವಾದ ಭಾರ ಹೊರಿಸುವ ಸಾಧನಗಳು ಕಡ್ಡಾಯವಲ್ಲ ಎಂಬುದು ಅವರ ಉತ್ತರ. ಕ್ಯಾಥೊಲಿಕ್ ಚರ್ಚು ಇಂದಿಗೂ ಆ ಗೆರೆಯ ಮೇಲೇ ನಿಂತಿದೆ: ಸಾವನ್ನು ತರಲು ಬಯಸುವಂತಿಲ್ಲ, ತಡೆಯಲಾಗದ ಸಾವನ್ನು ಒಪ್ಪಿಕೊಳ್ಳಬಹುದು. ಆದರೆ 2004ರಲ್ಲಿ ಎರಡನೆಯ ಜಾನ್ ಪಾಲ್ ಆ ಗೆರೆಗೆ ಒಂದು ಗಂಟು ಹಾಕಿದರು. ಪ್ರಜ್ಞೆ ಮರಳದ ಸ್ಥಿತಿಯಲ್ಲಿರುವವರಿಗೆ ನಳಿಗೆಯಿಂದ ಕೊಡುವ ಅನ್ನ ನೀರು ಚಿಕಿತ್ಸೆಯಲ್ಲ, ಸಹಜ ಆರೈಕೆ, ತಾತ್ತ್ವಿಕವಾಗಿ ಕೊಡಲೇಬೇಕಾದದ್ದು ಎಂದರು. ಮರುವರ್ಷ ಅವರದೇ ಕೊನೆಗಾಲ ಬಂತು. ಮೂಗಿಗೆ ಆಹಾರದ ನಳಿಗೆ ಹಾಕಿಸಿಕೊಂಡರು. ಮತ್ತೆ ಆಸ್ಪತ್ರೆ ಸೇರದೆ ಏಪ್ರಿಲ್ 2ರಂದು ತಮ್ಮ ಕೋಣೆಯಲ್ಲೇ ಕಣ್ಣು ಮುಚ್ಚಿದರು. ತಾವು ಎಳೆದ ಗೆರೆ ದಾಟದೆ ಹೋದರು ಎಂದು ನನಗನ್ನಿಸುತ್ತದೆ.

ಧರ್ಮಗಳು ನಿಜಕ್ಕೂ ಬೇರೆಯಾಗುವುದು ಇಲ್ಲಿ. ವೆಂಟಿಲೇಟರ್ ಬಗ್ಗೆ ಇವರ ನಡುವೆ ಅಷ್ಟೇನೂ ಜಗಳವಿಲ್ಲ. ಜಗಳ ಇರುವುದು ಅನ್ನದ ಬಗ್ಗೆ. ಜೈನರು ಕೊನೆಯಲ್ಲಿ ಮೊದಲು ಬಿಡುವುದೇ ಅನ್ನವನ್ನು: ಗಟ್ಟಿ ಆಹಾರ, ಆಮೇಲೆ ಹಾಲು, ಮಜ್ಜಿಗೆ, ಬಿಸಿನೀರು, ಕೊನೆಗೆ ಅದೂ ಇಲ್ಲ. ಕ್ಯಾಥೊಲಿಕರು ಅನ್ನವನ್ನು ಬಿಡಲೊಲ್ಲರು. ನಮ್ಮ ಮನೆಗಳಲ್ಲೋ 'ಕೊನೆಗೆ ಎರಡು ತುತ್ತು ಹೋಗಲಿಲ್ಲವಲ್ಲ' ಎಂಬ ಕೊರಗು ವರ್ಷಗಟ್ಟಲೆ ಕಾಡುತ್ತದೆ.

ಈ ಪ್ರಶ್ನೆ ದೇಶದ ಮುಂದೆ ಬಂದದ್ದೂ ಅನ್ನದ ರೂಪದಲ್ಲೇ. ಹೊನ್ನಾವರದ ಹತ್ತಿರದ ಹಳದೀಪುರದ ಹುಡುಗಿ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರ ರಾತ್ರಿ ಅವರ ಮೇಲೆ ನಡೆದ ಅಮಾನುಷ ಹಲ್ಲೆಯಿಂದ ಮಿದುಳಿಗೆ ಪೆಟ್ಟು ಬಿದ್ದು, ಸುಮಾರು 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಕಳೆದರು. ಅವರಿಗೆ ವೆಂಟಿಲೇಟರ್ ಇರಲಿಲ್ಲ, ತಾವೇ ಉಸಿರಾಡುತ್ತಿದ್ದರು. ಹಾಗಾಗಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯ ಬೇಡಿಕೆ, ಅವರಿಗೆ ಊಟ ಕೊಡುವುದನ್ನು ನಿಲ್ಲಿಸಲಿ ಎಂಬುದು. ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡು ಬಂದ ನರ್ಸುಗಳು ಒಪ್ಪಲಿಲ್ಲ. ಅವರಿಗೆ ಅದು ಚಿಕಿತ್ಸೆಯಾಗಿರಲಿಲ್ಲ, ತಂಗಿಗೆ ಉಣಿಸುವ ಕೆಲಸವಾಗಿತ್ತು. 2011ರ ಮಾರ್ಚ್ 7ರಂದು ನ್ಯಾಯಾಲಯ, ಅರುಣಾಗೆ ನಿಜವಾದ ಹತ್ತಿರದವರು ಈ ಆಸ್ಪತ್ರೆಯವರೇ, ಅವರ ಮಾತೇ ನಡೆಯಬೇಕು ಎಂದು ಅರ್ಜಿಯನ್ನು ತಳ್ಳಿಹಾಕಿತು. ಆದರೆ ಅದೇ ತೀರ್ಪು ತಕ್ಕ ಪ್ರಕರಣಗಳಲ್ಲಿ ಜೀವಾಧಾರ ಹಿಂತೆಗೆಯಲು ಮೊದಲ ಬಾರಿಗೆ ದಾರಿ ತೆರೆಯಿತು. 2015ರ ಮೇ 18ರಂದು ಅರುಣಾ ನ್ಯುಮೋನಿಯಾದಿಂದ ತೀರಿಕೊಂಡರು.

ಆ ನರ್ಸುಗಳು ಸರಿಯೇ, ಅರ್ಜಿ ಹಾಕಿದವರು ಸರಿಯೇ? ನಾನು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಪ್ರತಿ ಸಲವೂ ಎಡವುವುದು ಒಂದೇ ಕಲ್ಲಿಗೆ: ಅರುಣಾಗೆ ಏನು ಬೇಕಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತೈದರ ಹುಡುಗಿ ಇಂಥದ್ದನ್ನೆಲ್ಲ ಬರೆದಿಡುವುದುಂಟೇ?

ನಿಮ್ಮಪ್ಪ ಬರೆಯುತ್ತೇನೆ ಎನ್ನುತ್ತಿದ್ದಾರೆ. ಅಣ್ಣನಿಗೆ ಅದು ಸಾವನ್ನು ಕರೆದಂತೆ ಕಾಣುತ್ತದೆ. ನನಗೆ ಕಾಣುವುದು ಬೇರೆ. ಸಮಿತಿಯಲ್ಲಿದ್ದಾಗ ಒಬ್ಬ ಮಗನನ್ನು ನೋಡಿದ್ದೆ. ತಾಯಿಗೆ ಇನ್ನೇನೂ ಉಳಿದಿಲ್ಲವೆಂದು ವೈದ್ಯರು ಮೂರು ಸಲ ಹೇಳಿದ್ದರು. ಅವನಿಗೂ ಅರ್ಥವಾಗಿತ್ತು. ಆದರೂ ಪೆನ್ನು ಹಿಡಿದ ಕೈ ಕಾಗದಕ್ಕೆ ತಾಗುತ್ತಿರಲಿಲ್ಲ. 'ನಾನು ಸಹಿ ಹಾಕಿದ ಗಳಿಗೆಗೆ ಅಮ್ಮ ಹೋದಳು ಅಂತ ಆಗುತ್ತಲ್ಲ ಸಾರ್' ಅಂದ. ಹತ್ತು ದಿನ ಹಾಗೇ ಕಳೆಯಿತು. ಅಮ್ಮ ಒಂದು ಸಾಲು ಬರೆದಿಟ್ಟಿದ್ದರೆ ಆ ಪೆನ್ನು ಅವಳ ಕೈಯಲ್ಲೇ ಇರುತ್ತಿತ್ತು.

ಪಾಪ ನಿಮಗೂ ಸುತ್ತಿಕೊಳ್ಳುತ್ತದೆ ಎಂದು ಅಣ್ಣ ಹೆದರಿಸಿದ್ದಾರೆ. ನಾನು ಮೇಲೆ ಹೇಳಿದ ಯಾವ ಪರಂಪರೆಯೂ ಪಾಪವನ್ನು ಪ್ಲಗ್ಗಿನಲ್ಲಿ ಹುಡುಕುವುದಿಲ್ಲ, ಮನಸ್ಸಿನಲ್ಲಿ ಹುಡುಕುತ್ತದೆ. ಅಪ್ಪ ಬೇಗ ಹೋಗಲಿ ಎಂಬ ಆಸೆ ನಿಮ್ಮಲ್ಲಿದ್ದರೆ ಹೆದರಿ. ಅಪ್ಪ ಹೇಗಾದರೂ ಇರಲಿ, ಅವರಿಗೆ ಎಷ್ಟು ನೋವಾದರೂ ಸರಿ, ನನಗೆ ಅಪರಾಧಿ ಭಾವ ಬೇಡ ಎಂಬ ಆಸೆಯಿದ್ದರೂ ಅಷ್ಟೇ ಹೆದರಿ. ಎರಡನೆಯದು ಪುಣ್ಯದ ವೇಷದಲ್ಲಿ ಬರುತ್ತದೆ. ಹೆಚ್ಚಾಗಿ ದೂರದ ದೇಶದಿಂದ ರಾತ್ರಿ ವಿಮಾನಕ್ಕೆ ಬಂದಿಳಿದು ಐಸಿಯು ಬಾಗಿಲಲ್ಲಿ 'ಏನು ಬೇಕಾದರೂ ಮಾಡಿ ಡಾಕ್ಟರೇ, ಖರ್ಚಿನ ಚಿಂತೆ ಬೇಡ' ಎನ್ನುವವರಲ್ಲಿ ಅದನ್ನು ಕಂಡಿದ್ದೇನೆ. ಅಣ್ಣನ ಮೇಲೆ ಸಿಟ್ಟಾಗಬೇಡಿ. ಅಮ್ಮನ 19 ದಿನ ಅವರು ಎಲ್ಲಿದ್ದರು ಎಂದು ಕೇಳಿಯೂ ಕೇಳಬೇಡಿ. ಅದು ಅವರಿಗೆ ಗೊತ್ತಿದೆ.

ಇದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಟ್ಟರೆ ಈ ಉತ್ತರ ಉಳ್ಳವರ ಹರಟೆಯಾಗುತ್ತದೆ. ನಮ್ಮಲ್ಲಿ ಎಷ್ಟೋ ಜನರ ವೆಂಟಿಲೇಟರ್ ತೆಗೆಯುವುದು ಧರ್ಮವೂ ಅಲ್ಲ, ಕಾನೂನೂ ಅಲ್ಲ, ಬಿಲ್ಲು. 'ಮನೆಗೆ ಕರ್ಕೊಂಡು ಹೋಗ್ತೀವಿ' ಎಂದು ಬರೆದುಕೊಟ್ಟು, ಅಂಬು ಬ್ಯಾಗ್ (ಕೈಯಿಂದ ಉಸಿರು ತುಂಬುವ ಚೀಲ) ಒತ್ತುತ್ತಾ ಆಂಬುಲೆನ್ಸಿನಲ್ಲಿ ಊರಿಗೆ ಒಯ್ಯುತ್ತಾರೆ. ಅವರಲ್ಲಿ ಗುಣವಾಗಬಹುದಾಗಿದ್ದವರೂ ಇರುತ್ತಾರೆ. ಅದನ್ನು ಘನತೆಯ ಸಾವು ಎಂದು ಕರೆದರೆ ಭೀಷ್ಮನಿಗೂ ಅವಮಾನ, ಸಮಂತಭದ್ರರಿಗೂ ಅವಮಾನ. 'ನಿಷ್ಪ್ರತೀಕಾರ' ಎಂದರೆ ದುಡ್ಡಿಲ್ಲದ್ದು ಎಂದು ಅರ್ಥವಲ್ಲ. ಹಾಗೆಯೇ ಅಂಗವಿಕಲರ ಹಕ್ಕಿಗಾಗಿ ದುಡಿಯುವವರು, ಹಾಸಿಗೆ ಹಿಡಿದವರನ್ನೆಲ್ಲ ಸಾಯಲು ಬಿಡುವ ದಾರಿ ಇದಾಗದಿರಲಿ ಎಂದು ಹೆದರುತ್ತಾರಲ್ಲ, ಆ ಹೆದರಿಕೆಯನ್ನು ಹುರುಳಿಲ್ಲದ್ದು ಎನ್ನಲಾರೆ.

ಕಾನೂನು ಇಂಥ ಭಯಗಳಿಗಾಗಿಯೇ ಬೇಲಿ ಹಾಕಿದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಮುಂಗಡ ನಿರ್ದೇಶನವನ್ನು, ಅಂದರೆ ಜೀವಂತ ಉಯಿಲನ್ನು, ಮಾನ್ಯ ಮಾಡಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಆ ತೊಡಕಿಗೆ ಯಾರೂ ಬರೆಯುವ ಹಾಗಿರಲಿಲ್ಲ. 2023ರ ಜನವರಿಯಲ್ಲಿ ಅದನ್ನು ಸಡಿಲಿಸಿದರು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ, ಮೇಲೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಬರೆದವರು ಯಾವಾಗ ಬೇಕಾದರೂ ಬದಲಿಸಬಹುದು, ಹರಿದು ಹಾಕಬಹುದು. ಅಪ್ಪನಿಗೆ ತಮ್ಮ ತೀರ್ಮಾನ ತಾವೇ ಹೇಳುವ ಶಕ್ತಿ ಇರುವ ತನಕ ಆ ಕಾಗದಕ್ಕೆ ಕೆಲಸವೇ ಇಲ್ಲ. ಗುಣವಾಗುವ ನಿರೀಕ್ಷೆ ಇಲ್ಲವೆಂದಾದಾಗಲೂ ಮೊದಲು ಚಿಕಿತ್ಸೆ ಕೊಡುವ ವೈದ್ಯರು ಇಬ್ಬರು ತಜ್ಞರ ಜೊತೆ ಕೂತು ನೋಡುತ್ತಾರೆ, ಆಮೇಲೆ ಎರಡನೆಯ ಮಂಡಳಿ ಇನ್ನೊಮ್ಮೆ ನೋಡುತ್ತದೆ. ಜಾರಿಗೆ ತರುವ ಮುನ್ನ ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಕರ್ನಾಟಕದ 2025ರ ಜನವರಿ 30ರ ಸುತ್ತೋಲೆ ಈ ಮಂಡಳಿಗಳನ್ನು ರಚಿಸುವ ದಾರಿ ಮಾಡಿಕೊಟ್ಟಿದೆ. ಚುಚ್ಚುಮದ್ದು ಕೊಟ್ಟು ಸಾಯಿಸುವುದು ಈಗಲೂ ಅಪರಾಧ. ಹೀಗಾಗಿ ನಿಮ್ಮ ಸಹಿಯೊಂದೇ ಯಾರನ್ನೂ ಕಳಿಸುವುದಿಲ್ಲ.

ಇನ್ನು ಬರೆಯುವ ಕೆಲಸ. ಅಚ್ಚಾದ ಫಾರಂ ತುಂಬಿಸಿ ಸುಮ್ಮನಾಗಬೇಡಿ. ಅಪ್ಪನನ್ನು ಕೂರಿಸಿಕೊಂಡು ಕೇಳಿ. 'ಅನಾಯಾಸೇನ ಮರಣಂ ವಿನಾ ದೈನ್ಯೇನ ಜೀವನಂ' ಎಂದು ಅವರೂ ದಿನಾ ಹೇಳಿಕೊಳ್ಳುವವರಿರಬಹುದು. ಅವರ ಮಟ್ಟಿಗೆ ದೈನ್ಯ ಎಂದರೆ ಏನು? ಗಂಟಲಿಗೆ ನಳಿಗೆ ಇಳಿಸುವುದೇ, ಮಕ್ಕಳ ಗುರುತು ಸಿಗದಿರುವುದೇ, ಡಯಾಲಿಸಿಸ್ಸೇ? ಕೆಲವು ದಿನ ಪ್ರಯತ್ನಿಸಿ ನೋಡಿ ಆಮೇಲೆ ಬಿಡಿ ಎನ್ನುತ್ತಾರೋ, ಮೊದಲೇ ಬೇಡ ಎನ್ನುತ್ತಾರೋ? ನೋವು ಶಮನದ ಔಷಧಿ ಎಷ್ಟು ಬೇಕಾದರೂ ಕೊಡಿ ಎಂದು ಬರೆಸಿ, ಅದನ್ನು ಯಾವ ಧರ್ಮವೂ ಬೇಡ ಅಂದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅನ್ನದ ಪ್ರಶ್ನೆ ಕೇಳಿ: ಬಾಯಿಂದ ಉಣ್ಣಲಾಗದಾಗ ಮೂಗಿನ ನಳಿಗೆಯಲ್ಲಿ ಗಂಜಿ ಹಾಕಬೇಕೇ, ಬೇಡವೇ? ಬಹುತೇಕರು ವೆಂಟಿಲೇಟರ್ ಬೇಡ ಎಂದಷ್ಟೇ ಬರೆದು ಇದನ್ನು ಬಿಟ್ಟುಬಿಡುತ್ತಾರೆ. ಮುಂದೆ ಮಕ್ಕಳು ಜಗಳ ಆಡುವುದು ಇದರ ಮೇಲೆಯೇ.

ಅಣ್ಣ ಊರಿಗೆ ಬರುವ ತನಕ ಕಾಯಿರಿ. ತೀರ್ಮಾನ ಹೇಳುವವರ ಹೆಸರು ಒಂದಕ್ಕಿಂತ ಹೆಚ್ಚು ಬರೆಯಬಹುದು, ಅವರ ಹೆಸರನ್ನೂ ಸೇರಿಸಿ. ಒಲ್ಲೆ ಎಂದರೆ ಬಲವಂತ ಬೇಡ, ಆದರೆ ಅಪ್ಪ ಮಾತಾಡುವಾಗ ಅವರು ಆ ಕೋಣೆಯಲ್ಲಿರಲಿ. ಸಾಕ್ಷಿಗಳು ಮನೆಯ ಹೊರಗಿನವರಾದರೆ ಒಳ್ಳೆಯದು. ಒಬ್ಬರು ಜೈನ ಮೇಷ್ಟ್ರು ಆಗಬಹುದು. ಇನ್ನೊಂದು ಸಹಿಗೆ ಸಾಹೇಬರನ್ನು ಅಪ್ಪನೇ ಹೋಗಿ ಕೇಳಲಿ.